ಗಾಳಿಯ ಜಮಾಖರ್ಚು, ಹಿಮದ ಶಿಲ್ಕು

ಪುಣೆಯಿಂದ ಆಳಂದಿಗೆ ಹೋಗಿಬರುವ ನಮ್ಮ ಕನ್ನಡ ಬಂಧುಗಳಿಗೆ ದಿಘಿಯು ಅಪರಿಚಿತ ಸ್ಥಳವಲ್ಲ. ಜ್ಞಾನೇಶ್ವರ ಮಹಾರಾಜರ ದರ್ಶನಕ್ಕೆಂದು ಆ ಮಾರ್ಗವಾಗಿ ನಡೆಯುವವರಲ್ಲಿ ಎಷ್ಟು ಮಂದಿ, ಅಲ್ಲಿಯ ರಕ್ಷಣಾ ಸಂಶೋಧನಾಲಯದ ಎಂಜಿನಿಯರುಗಳು ಭೂಮಂಡಲದ ದಕ್ಷಿಣ ತುದಿಯ ಹಿಮಖಂಡದಲ್ಲಿ ಭಾರತಕ್ಕೊಂದು ಮನೆ ಕಟ್ಟಿಕೊಟ್ಟರೆಂಬುದನ್ನು ಬಲ್ಲರು? ಅಂಟಾರ್ಕ್ಟಿಕದಲ್ಲಿ 1989ರಲ್ಲಿ ಸಿದ್ಧವಾದ 'ಮೈತ್ರಿ'ಯೇ ಆ ಮನೆ. ಹಿಮವೇ ಬೀಳದ ಪುಣೆಗೂ ಹಿಮಕ್ಕೂ ಏನು ನಂಟೆಂದು ಕೇಳುವವರಿಗೆ ಇದೊಂದೇ ಉತ್ತರ ಸಾಕು. ಆದರೆ ಅದನ್ನು ಕಟ್ಟಬೇಕಾಗಿ ಬಂದುದೇಕೆಂಬ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು.

ನಮ್ಮವರ ಮೊದಲ ನೆಲೆಯಾದ 'ದಕ್ಷಿಣ ಗಂಗೋತ್ರಿ'ಯನ್ನು 1983-84ರ ಯಾತ್ರೆಯಲ್ಲಿ, ಸಮುದ್ರದ ಮೇಲೆ ಚಾಚಿದ ಮಂಜುಗಡ್ಡೆಯ ಹಾಸಿನ ಮೇಲೆ ಕಟ್ಟಲಾಗಿತ್ತು. ಅದನ್ನು ಶತ್ರುಗಳು ಕೆಡವಲಿಲ್ಲ; ಬಿರುಗಾಳಿಯು ಹಾರಿಸಿಕೊಂಡೂ ಹೋಗಲಿಲ್ಲ. ವರ್ಷ ವರ್ಷವೂ ಹಿಮವು ಸುತ್ತ ಕೂಡುತ್ತ ಬಂದು ಮನೆಯೇ ಹೂತುಹೋಯಿತು. 1990ರಲ್ಲಿ ಅದನ್ನು ತ್ಯಜಿಸಬೇಕಾಯಿತು. ಬ್ರಿಟಿಷರಿಗೂ ಅದೇ ಗತಿಯಾಗಿತ್ತು. ಹ್ಯಾಲಿ ಎಂಬ ಅವರ ನೆಲೆಯ ಮೊದಲ ನಾಲ್ಕು ಕಟ್ಟಡಗಳು ಒಂದರ ಹಿಂದೊಂದರಂತೆ ಹಿಮದಡಿಗೆ ಸೇರಿದವು.

ಆಕಾಶದಿಂದ ಬಿದ್ದ ಹಿಮವೇ ಹೀಗೆ ನೇರವಾಗಿ ಮುಚ್ಚಿತೆಂದು ತಿಳಿಯಬಾರದು. ಬಿದ್ದುದನ್ನು ಗಾಳಿಯು ಮತ್ತೆ ಎಬ್ಬಿಸುತ್ತದೆ. ಒಣಗಿದ ಹೊಸ ಹಿಮವಾದರೆ ಸೆಕೆಂಡಿಗೆ ಸುಮಾರು 5 ಮೀಟರಿನ ಗಾಳಿಯೇ ಸಾಕು. ಕೆಲವು ಕಣಗಳು ಉರುಳುತ್ತವೆ, ಕೆಲವು ಕುಪ್ಪಳಿಸುತ್ತವೆ, ಹಗುರಾದವು ಮೇಲೇರಿ ತೇಲುತ್ತವೆ; ಕುಪ್ಪಳಿಸುವವು ನೆಲದಿಂದ ಒಂದು ಗೇಣಿನೊಳಗೇ ಸಾಗುತ್ತವೆ. ಗಾಳಿಯ ವೇಗ ತಗ್ಗಿದ ಕಡೆ ಹೊರೆ ಇಳಿಯುತ್ತದೆ. ಹಿಟ್ಟಿನ ಗಿರಣಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾರಿದ ಹಿಟ್ಟು ಬಾಗಿಲಿನ ಗಾಳಿಯಲ್ಲಿ ನಿಲ್ಲದು, ಕಪಾಟಿನ ಮರೆಯಲ್ಲಿ ಹೋಗಿ ಕೂರುತ್ತದೆ. ನೆಲಕ್ಕೆ ಅಂಟಿದ ಮನೆಯು ಗಾಳಿಗೆ ಅಡ್ಡನಿಂತು ತನ್ನ ಬೆನ್ನ ಹಿಂದೆ ತಾನೇ ಅಂತಹ ಮರೆಯನ್ನು ಉಂಟುಮಾಡುತ್ತದೆ. ಆದುದರಿಂದಲೇ ಮೈತ್ರಿಯನ್ನು ಹಿಮವಿಲ್ಲದ ಬಂಡೆಯ ನೆಲದ ಮೇಲೆ, ಕಂಬಗಳ ಮೇಲೆತ್ತಿ ನಿಲ್ಲಿಸಿದರು. ಅಡಿಯಲ್ಲಿ ನುಗ್ಗುವ ಗಾಳಿಯೇ ಅಲ್ಲಿ ಜಾಡಮಾಲಿ. 2012ರಲ್ಲಿ ಆರಂಭವಾದ 'ಭಾರತಿ'ಯೂ ಕಂಬಗಳ ಮೇಲೆಯೇ ನಿಂತಿದೆ.

ಆದರೆ ಕಂಬ ಎಷ್ಟು ಎತ್ತರವಿರಬೇಕು? ಮನೆಯು ಯಾವ ದಿಕ್ಕಿಗೆ ಮುಖಮಾಡಬೇಕು? ಕಟ್ಟಿ ನೋಡಿ, ಹೂತುಹೋದ ಮೇಲೆ ಕಲಿಯುವುದು ದುಬಾರಿಯ ವಿದ್ಯೆ. ಇದಕ್ಕಾಗಿಯೇ ಗಣಕಯಂತ್ರದೊಳಗೆ ಗಾಳಿಯನ್ನು ಬೀಸಿಸಿ ನೋಡುವ ಶಾಸ್ತ್ರವೊಂದು ಬೆಳೆದಿದೆ. ಹೆಸರು ಉದ್ದವಾದುದು, ಗಣಕೀಯ ದ್ರವಚಲನಶಾಸ್ತ್ರ. ಆದರೆ ಅದರ ಅಂತರಂಗವು ನಮ್ಮ ಗುಮಾಸ್ತ ಬಂಧುಗಳಿಗೆ ಹೊಸತಲ್ಲ. ಮನೆಯ ಸುತ್ತಲಿನ ಆಕಾಶವನ್ನೆಲ್ಲ ಲಕ್ಷಾಂತರ ಸಣ್ಣ ಕೋಣೆಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಕೋಣೆಗೂ ಒಂದು ಖಾತೆ. ಎಡಗಡೆಯಿಂದ ಎಷ್ಟು ಗಾಳಿ ಜಮೆಯಾಯಿತು, ಬಲಗಡೆಯಿಂದ ಎಷ್ಟು ಖರ್ಚಾಯಿತು, ಅದರೊಡನೆ ಹಿಮವೆಷ್ಟು ಬಂದಿತು, ಎಷ್ಟು ಹೋಯಿತು? ಒಂದು ಕೋಣೆಯ ಖರ್ಚು ನೆರೆಯ ಕೋಣೆಯ ಜಮೆಯಾಗಬೇಕು, ಕಾಸಿನಷ್ಟೂ ತಪ್ಪಕೂಡದು. ನೆಲಕ್ಕೆ ತಗಲಿದ ಕೋಣೆಯಲ್ಲಿ ಗಾಳಿಯ ಎಳೆತವು ಮಿತಿಗಿಂತ ಕಡಮೆಯಾದರೆ ಹಿಮವು ಶಿಲ್ಕಾಗಿ ಉಳಿಯಿತೆಂದು ಬರೆದುಕೊಳ್ಳುತ್ತಾರೆ. ಶಿಲ್ಕು ಬೆಳೆದಂತೆ ನೆಲದ ಆಕಾರವೇ ಬದಲಾಗುವುದರಿಂದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಗಾಳಿಯ ಚಲನೆಯ ಸಮೀಕರಣಗಳನ್ನು ಫ್ರಾನ್ಸಿನ ನೇವಿಯರ್ ಮತ್ತು ಬ್ರಿಟನ್ನಿನ ಸ್ಟೋಕ್ಸ್ ಎಂಬ ಮಹನೀಯರು 19ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದರು. ಇಲ್ಲದಿದ್ದುದು ಅಷ್ಟು ಖಾತೆಗಳನ್ನು ಬರೆಯಬಲ್ಲ ಗುಮಾಸ್ತ!

ಆ ಗುಮಾಸ್ತನನ್ನು ಒದಗಿಸಿದುದರಲ್ಲಿ ನಮ್ಮ ಊರುಗಳ ಪಾಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1986ರಲ್ಲಿ 'ಫ್ಲೋಸಾಲ್ವರ್' ಎಂಬ ಗಣಕವು ಇಂತಹ ಲೆಕ್ಕಗಳಿಗೆಂದೇ ಸಿದ್ಧವಾಯಿತು. ಅನೇಕ ಗಣಕಗಳು ಏಕಕಾಲದಲ್ಲಿ ಲೆಕ್ಕವನ್ನು ಹಂಚಿಕೊಳ್ಳುವುದೇ ಅದರ ಮರ್ಮ. ಪುಣೆಯಲ್ಲಿ 1988ರಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ 'ಪರಮ್ 8000' ಅನ್ನು ಹೊರತಂದಿತು.

ಇಷ್ಟಾದರೂ ಯಂತ್ರದ ಮಾತೇ ವೇದವಾಕ್ಯವೆಂದು ನಾವು ಹೇಳಲಾರೆವು. ಹಿಮವು ಸಕ್ಕರೆಯಂತಲ್ಲ, ಕೆಲವು ಗಂಟೆಗಳಲ್ಲಿಯೇ ಕಣಕ್ಕೆ ಕಣ ಬೆಸೆದು ಗಟ್ಟಿಯಾಗುತ್ತದೆ. ನಿನ್ನೆ ಎದ್ದು ಹಾರಿದ ಹಿಮವು ಇಂದು ಅದೇ ಗಾಳಿಗೆ ಮಿಸುಕದಿರಬಹುದು. ಸುಳಿಗಾಳಿಯ ಸಣ್ಣ ಸುಳಿಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯಲು ಯಾವ ಗಣಕಕ್ಕೂ ಸಾಧ್ಯವಿಲ್ಲವಾದ ಕಾರಣ ಅವನ್ನು ಸರಾಸರಿಯಲ್ಲಿ ಮುಗಿಸುತ್ತಾರೆ. ವಹಿಯ ಲೆಕ್ಕ ಕೂಡಿಬಂದರೂ ಉಗ್ರಾಣಕ್ಕೆ ಹೋಗಿ ಮೂಟೆಯನ್ನು ಎಣಿಸದ ಮಾಲೀಕನ ಗತಿಯೇನೆಂಬುದು ಹೋಟೆಲಿನವರಿಗೆ ತಿಳಿಯದ್ದಲ್ಲ.

ಇದೆಲ್ಲ ಪಂಡಿತರ ವಿನೋದವೆಂದು ಭಾವಿಸುವವರು ಸಿಯಾಚಿನ್ನನ್ನು ನೆನೆಯಲಿ. 2016ರ ಫೆಬ್ರವರಿ 3ರಂದು 19,000 ಅಡಿಗಳಿಗೂ ಮೀರಿದ ಎತ್ತರದಲ್ಲಿ ಮಂಜುಗಡ್ಡೆಯ ಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರನೆಯ ದಿನ ಜೀವಸಹಿತ ಹೊರತೆಗೆದರು. 11ರಂದು ಅವರು ದಿಲ್ಲಿಯಲ್ಲಿ ಕೊನೆಯುಸಿರೆಳೆದರು. ಅದು ಗಾಳಿ ಕೂಡಿಸಿದ ಹಿಮದ ಕುಸಿತವಲ್ಲ, ನಿಜ. ಆದರೆ ಹಿಮಾಲಯದ ಏಣುಗಳ ಮರೆಯಲ್ಲಿ ಗಾಳಿಯು ಹಿಮವನ್ನು ಪದರಗಟ್ಟಿ ಪೇರಿಸುತ್ತದೆ. ಆಕಾಶದಿಂದ ಒಂದು ಹನಿ ಹಿಮ ಬೀಳದ ದಿನವೂ ಆ ಇಳಿಜಾರಿನ ಹೊರೆ ಏರುತ್ತಿರಬಹುದು; ಒಬ್ಬ ಮನುಷ್ಯನ ಹೆಜ್ಜೆಗೇ ಅದು ಒಡೆದು ಜಾರಿದ ಉದಾಹರಣೆಗಳುಂಟು. ಯಾವ ಇಳಿಜಾರಿನಲ್ಲಿ ಎಷ್ಟು ಕೂಡಿದೆಯೆಂದು ಮೊದಲೇ ಹೇಳಬಲ್ಲ ಲೆಕ್ಕವು ಅಲ್ಲಿ ಗಸ್ತು ತಿರುಗುವವನ ಪ್ರಾಣಕ್ಕೆ ಸಂಬಂಧಿಸಿದ್ದು. ಆ ಲೆಕ್ಕವನ್ನು ತಾಳೆ ನೋಡಲು ಹಿಮದಲ್ಲಿ ಅಳತೆಗೋಲುಗಳನ್ನು ನೆಟ್ಟಿರುತ್ತಾರೆ. ಕೊರೆಯುವ ಮುಂಜಾನೆ ಗಡಿಯ ಯಾವುದೋ ಠಾಣೆಯಿಂದ ಹೊರಟು, ಕೋಲಿನ ಗುರುತನ್ನು ಓದಿ ಬರೆದುಕೊಳ್ಳುವವನು ಹಾಸನದವನೋ ಹುಬ್ಬಳ್ಳಿಯವನೋ ಆಗಿರಬಹುದು.