ಟೆಲಿಫೋನಿನ ಸುಂಕವೂ ಮಹಡಿ ಮೇಲಿನ ಪೆಟ್ಟಿಗೆಯೂ



ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಒಂದು ಸಲಹೆ ಕೇಳಿದರು. ಮನೆಯ ಮಹಡಿ ಕೋಣೆಯನ್ನು ಬಾಡಿಗೆಗೆ ಕೊಡಿರೆಂದು ಪರಊರಿನವರೊಬ್ಬರು ಬಂದಿದ್ದರಂತೆ. ವಾಸಕ್ಕೆ ಯಾರೂ ಬರುವುದಿಲ್ಲ. ಒಂದೆರಡು ಪೆಟ್ಟಿಗೆಗಳನ್ನು ಇಡುತ್ತಾರೆ. ಕರೆಂಟೂ ಇಂಟರ್‌ನೆಟ್ಟೂ ಇದ್ದರೆ ಸಾಕು. ಬಾಡಿಗೆ ಮಾತ್ರ ಊರಿನ ದರದ ಮೂರು ಪಟ್ಟು. "ಪರದೇಶದ ಕರೆಗಳನ್ನು ಅಗ್ಗ ಮಾಡುವ ಯಂತ್ರ, ದೊಡ್ಡ ಕಂಪನಿಗಳೆಲ್ಲ ಮಾಡುವುದೂ ಇದೇ" ಎಂದು ಬಂದವರು ವಿವರಣೆ ಕೊಟ್ಟರಂತೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಏನೆಂದು ಎಲ್ಲರಿಗೂ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ದೂರಕ್ಕೆ ದರವಿದ್ದ ಕಾಲ

ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದ ದಿನಗಳು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆಪರೇಟರ ನೆರವಿಲ್ಲದೆ ನೇರ ಡಯಲ್ ಮಾಡುವ ಎಸ್‌.ಟಿ.ಡಿ. ಸೌಲಭ್ಯ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಅದರಲ್ಲಿ ದರ ದೂರದ ಮೇಲೆ ನಿಂತಿತ್ತು. ಊರು ದೂರವಾದಷ್ಟೂ ಒಂದು ಪಲ್ಸಿಗೆ ಸಿಗುವ ಸೆಕೆಂಡುಗಳು ಕಡಿಮೆ. ರಾತ್ರಿ ರಿಯಾಯಿತಿ ಇದ್ದುದರಿಂದ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದೆವು.

ಕಂಪನಿಗಳ ಉಪಾಯ

ಹಲವು ಊರುಗಳಲ್ಲಿ ಕಚೇರಿ ಇದ್ದ ಕಂಪನಿಗಳಿಗೆ ಈ ಖರ್ಚು ದೊಡ್ಡದು. ಪ್ರತಿ ಕಚೇರಿಯಲ್ಲೂ ಒಂದು ಸಣ್ಣ ಖಾಸಗಿ ಎಕ್ಸ್‌ಚೇಂಜ್, ಅಂದರೆ ಇ.ಪಿ.ಎ.ಬಿ.ಎಕ್ಸ್., ಇರುತ್ತದೆ. ಎರಡು ಕಚೇರಿಗಳ ಎಕ್ಸ್‌ಚೇಂಜ್‌ಗಳ ನಡುವೆ ಬಾಡಿಗೆ ತಂತಿಯೊಂದನ್ನು ಪಡೆದರೆ, ಎಷ್ಟು ಮಾತಾಡಿದರೂ ತಂತಿಯ ಬಾಡಿಗೆ ಅಷ್ಟೇ. ಮಂಗಳೂರಿನ ಮೇಜಿನಿಂದ ಬೆಂಗಳೂರಿನ ಮೇಜಿಗೆ ಪಕ್ಕದ ಕೋಣೆಯವರೊಂದಿಗೆ ಆಡಿದಂತೆಯೇ ಮಾತಾಡಬಹುದು. ನಮ್ಮ ತೋಟದೊಳಗಿನ ದಾರಿಯಲ್ಲಿ ನಮ್ಮ ಗಾಡಿ ಓಡಿಸಿದ ಹಾಗೆ. ಇದಕ್ಕೆ ಆಕ್ಷೇಪವಿಲ್ಲ.

ಇದರ ಮುಂದಿನ ಹೆಜ್ಜೆಯೇ ತೊಡಕಿನದು. ಮಂಗಳೂರಿನ ಕರೆ ಖಾಸಗಿ ತಂತಿಯಲ್ಲಿ ಬೆಂಗಳೂರಿನ ಕಚೇರಿಗೆ ಬರುತ್ತದೆ. ಅಲ್ಲಿನ ಎಕ್ಸ್‌ಚೇಂಜ್ ಅದನ್ನು ಊರಿನ ಸಾರ್ವಜನಿಕ ಲೈನಿಗೆ ದಾಟಿಸಿ, ಹೊರಗಿನ ವ್ಯಾಪಾರಿಯೊಬ್ಬನ ಮನೆಯಲ್ಲಿ ಗಂಟೆ ಬಾರಿಸುತ್ತದೆ. ಮುನ್ನೂರು ಕಿಲೋಮೀಟರ್ ಮೇಲ್ಪಟ್ಟು ಬಂದ ಕರೆಗೆ ಲೋಕಲ್ ದರ! ಎಸ್‌.ಟಿ.ಡಿ. ಕಾಲದಲ್ಲಿ ನಮ್ಮ ದೇಶದ ನಿಯಮ ಇದನ್ನು ಒಪ್ಪಲಿಲ್ಲ. ಒಂದು ಕಾರಣ ಆದಾಯದ ನಷ್ಟ. ಇನ್ನೊಂದು, ಕರೆ ನಿಜವಾಗಿ ಎಲ್ಲಿಂದ ಹೊರಟಿತೆಂಬುದು ಮರೆಯಾಗುತ್ತದೆ. ಹಾಗಾಗಿ ಖಾಸಗಿ ಜಾಲದ ಕರೆ ಸಾರ್ವಜನಿಕ ಜಾಲಕ್ಕೆ ನುಸುಳದಂತೆ ಎಕ್ಸ್‌ಚೇಂಜಿನೊಳಗೇ ಬೇಲಿ ಹಾಕಬೇಕಿತ್ತು.

ದೇಶದೊಳಗೆ ಈ ಉಪಾಯದ ಅಗತ್ಯವೇ ಆಮೇಲೆ ಕರಗಿತು. 2006ರ ಮಾರ್ಚ್ 1ರಂದು ಬಿ.ಎಸ್‌.ಎನ್‌.ಎಲ್. ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯ ಯೋಜನೆ ತಂದಿತು. ಈಗಿನ ಮೊಬೈಲ್ ಪ್ಯಾಕುಗಳಲ್ಲಿ ದೂರದ ಲೆಕ್ಕವೇ ಇಲ್ಲ. ಸುಂಕ ಉಳಿದಿರುವುದು ಪರದೇಶದ ಕರೆಗೆ. ಮಹಡಿ ಮೇಲಿನ ಪೆಟ್ಟಿಗೆ ಹುಟ್ಟಿದ್ದು ಅಲ್ಲಿ.

ಪೆಟ್ಟಿಗೆಯ ಕೆಲಸ

ಹೊರದೇಶದಿಂದ ಬರುವ ಕರೆಯನ್ನು ಇಲ್ಲಿನ ಫೋನಿಗೆ ಮುಟ್ಟಿಸಿದ್ದಕ್ಕೆ ಇಲ್ಲಿನ ಕಂಪನಿಗೆ ಹಣ ಸಲ್ಲಬೇಕು. 2020ರಲ್ಲಿ ಟ್ರಾಯ್ ಈ ದರವನ್ನು ನಿಮಿಷಕ್ಕೆ 35ರಿಂದ 65 ಪೈಸೆಯ ಮಿತಿಯೊಳಗೆ ಇಟ್ಟಿತು. ಸಿಮ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ಹತ್ತಾರು, ನೂರಾರು ಸಿಮ್‌ಗಳಿರುತ್ತವೆ. ಪರದೇಶದ ಕರೆ ಇಂಟರ್‌ನೆಟ್ಟಿನಲ್ಲಿ ಪೆಟ್ಟಿಗೆಗೆ ಬಂದು, ಒಂದು ಸಿಮ್ಮಿನ ಮೂಲಕ ಲೋಕಲ್ ಕರೆಯಾಗಿ ಹೊರಬೀಳುತ್ತದೆ. ನಿಮಿಷಕ್ಕೆ ಕೆಲವೇ ಪೈಸೆ, ಆದರೆ ಹಗಲಿರುಳೂ ಕರೆಗಳು ಹರಿದರೆ ದೊಡ್ಡ ಮೊತ್ತ. ಕರೆ ಸ್ವೀಕರಿಸಿದವರಿಗೆ ಕಾಣುವುದು ನಮ್ಮ ದೇಶದ ನಂಬರು. ಹಣ ಸುಲಿಯುವ ಮೋಸಗಾರರಿಗೆ ಇದಕ್ಕಿಂತ ಒಳ್ಳೆಯ ಮುಸುಕು ಬೇಕೆ? 2021ರ ಜೂನ್‌ನಲ್ಲಿ ಸೇನೆಯ ಗುಪ್ತಚರ ವಿಭಾಗದ ಮಾಹಿತಿಯಿಂದ ಬೆಂಗಳೂರಿನಲ್ಲೇ ಇಂಥ ಕಳ್ಳ ಎಕ್ಸ್‌ಚೇಂಜ್ ಪತ್ತೆಯಾಯಿತು.

2023ರ ದೂರಸಂಪರ್ಕ ಕಾಯ್ದೆಯಂತೆ ಅನುಮತಿಯಿಲ್ಲದೆ ಇಂಥ ಜಾಲ ನಡೆಸಿದರೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೆ ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. "ನಾನು ಕೋಣೆ ಕೊಟ್ಟೆ ಅಷ್ಟೇ" ಎನ್ನಬಹುದು. ಆದರೆ ಕರೆಂಟಿನ ಮೀಟರು ನಮ್ಮ ಹೆಸರಿನದು, ಇಂಟರ್‌ನೆಟ್ ಸಂಪರ್ಕ ನಮ್ಮ ಹೆಸರಿನದು. ಪೊಲೀಸರು ಮೊದಲು ಬರುವುದು ಆ ವಿಳಾಸಕ್ಕೆ. ಪೆಟ್ಟಿಗೆ ಇಟ್ಟವರು ಅಷ್ಟರಲ್ಲಿ ಎಲ್ಲಿರುತ್ತಾರೋ!

ಸದಸ್ಯರು ಗಮನಿಸತಕ್ಕದ್ದು

ಏನು ಕೆಲಸಕ್ಕೆಂದು ಸ್ಪಷ್ಟವಾಗದೆ ಕೋಣೆ, ಗೋದಾಮು ಬಾಡಿಗೆಗೆ ಕೊಡಬೇಡಿ. ಆಧಾರ್ ಪ್ರತಿಯನ್ನೂ, ನಿಮ್ಮ ಇಲ್ಲವೆ ಕೂಲಿಯಾಳುಗಳ ಹೆಸರಿನ ಸಿಮ್ಮನ್ನೂ ಯಾರಿಗೂ ಒಪ್ಪಿಸಬೇಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸರಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ಪರದೇಶದ ಕರೆಗೆ ಇಲ್ಲಿನ ನಂಬರು ಕಂಡರೆ ಅಲ್ಲೇ ದೂರು ಕೊಡಬಹುದು. ಅಮೆರಿಕದಲ್ಲಿರುವ ಮಕ್ಕಳೊಂದಿಗೆ ವಾಟ್ಸಾಪ್‌ನಲ್ಲಿ ಮಾತಾಡುತ್ತೇವಲ್ಲ ಎಂದು ಯಾರೂ ಅಂಜಬೇಕಿಲ್ಲ. ಆ ಕರೆ ಮೊದಲಿನಿಂದ ಕೊನೆಯವರೆಗೆ ಇಂಟರ್‌ನೆಟ್ಟಿನಲ್ಲೇ ಸಾಗುತ್ತದೆ, ಕದ್ದು ಬೇಲಿ ಹಾರುವುದಿಲ್ಲ.

ಸುಂಕ ತಪ್ಪಿಸಲು ರಾತ್ರಿಯೆಲ್ಲ ಕಾಡುದಾರಿ ಸುತ್ತಿದ ವ್ಯಾಪಾರಿಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗಾಯಿತೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ಸದಸ್ಯರು ಬಾಡಿಗೆಯ ಆಸೆ ಬಿಟ್ಟರು. ಆ ಕೋಣೆಯಲ್ಲಿ ಈಗ ಕಾಳುಮೆಣಸಿನ ಚೀಲಗಳಿವೆ.

— ಕಾರ್ಯದರ್ಶಿ