ನಿಂತದ್ದು ಎಂಜಿನ್, ದೂರು ಟರ್ಬೊ ಮೇಲೆ!

ಆಷಾಢದ ಜಡಿಮಳೆ. ಪೆಟ್ರೋಲಿನ ಟರ್ಬೊ ಕಾರೊಂದು ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೊರಟಿದೆ. ಏರು ಹತ್ತುವಾಗ ಯಾವ ತಕರಾರೂ ಇಲ್ಲ. ಏರು ಮುಗಿಯಿತು. ತಿರುವಿನಲ್ಲಿ ಎದುರು ಬಂದ ಬಸ್ಸಿಗೆ ದಾರಿ ಬಿಡಲೆಂದು ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದು ಕ್ಲಚ್ ಒತ್ತಿದ್ದೇ ತಡ, ಎಂಜಿನ್ ಒಮ್ಮೆ ನಡುಗಿ ಸುಮ್ಮನಾಯಿತು. ಕೆಂಪು ದೀಪಗಳು ಹೊತ್ತಿಕೊಂಡವು, ಸ್ಟಿಯರಿಂಗ್ ಬಿಗಿಯಾಯಿತು. ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ! "ಇದು ಟರ್ಬೊದ್ದೇ ಕಿತಾಪತಿ" ಎಂದು ಹಿಂದಿನ ಸೀಟಿನಿಂದ ತೀರ್ಪು ಬಂತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇಂಥ ಅನುಭವ ಯಾರಿಗೂ ಬರಬಹುದು. ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ಓಡಾಟ ನಿಲ್ಲಿಸಿದವು. ಒಳಹಳ್ಳಿಯ ಮನೆಗಳಿಗೆ ಈಗ ಸ್ವಂತ ವಾಹನವೇ ದೊಡ್ಡ ಆಸರೆ. ಕಾಯಿಲೆ ಬಿಗಡಾಯಿಸಿದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲಕ್ಕೆ ಹೋಗುವವರಿದ್ದಾರೆ. ರೋಗಿಯನ್ನು ಕೂರಿಸಿಕೊಂಡ ಕಾರು ನಡು ತಿರುವಿನಲ್ಲಿ ನಿಂತರೆ ಗತಿ ಏನು? ಇತ್ತ ಹೊಸ ಟರ್ಬೊ ಹಾಕಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಹಾಕಿಸಿದ ಮೇಲೂ ಎಂಜಿನ್ ನಿಂತರೆ ಹಣವೂ ಹೋಯಿತು, ಭಯವೂ ಉಳಿಯಿತು. ಆದ್ದರಿಂದ ಟರ್ಬೊ ನಿಜಕ್ಕೂ ಏನು ಮಾಡುತ್ತದೆ ಎಂದು ಮೊದಲು ತಿಳಿಯಬೇಕು.

ಗಾಳಿ ತುಂಬುವ ಚಕ್ರ

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಇಂಧನ, ಅದಕ್ಕೆ ತಕ್ಕಂತೆ ಹೆಚ್ಚು ಗಾಳಿ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡ 7ರಿಂದ 8ರಷ್ಟು ಕಡಿಮೆ. ಆದ್ದರಿಂದ ಮಲೆನಾಡಿನಲ್ಲಿ ಎಂಜಿನ್ನಿಗೆ ಸಿಗುವ ಉಸಿರೇ ಸ್ವಲ್ಪ ತೆಳು.

ಈ ಕೊರತೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲದು. ಅದಕ್ಕೆ ಆಧಾರ ಎಂಜಿನ್ ಆಯಿಲಿನ ತೆಳು ಪದರ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳು ನೋಡಿದ್ದಾರೆ. ಹಾಗೆಯೇ ಒತ್ತಿದ ಗಾಳಿಯೂ ಬಿಸಿಯಾಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆ.

ಇಲ್ಲೊಂದು ಮುಖ್ಯ ವಿಷಯವಿದೆ. ಐಡ್ಲಿಂಗಿನಲ್ಲಿ, ಅಂದರೆ ಕಾಲು ತೆಗೆದು ಎಂಜಿನ್ ಮೆಲ್ಲಗೆ ತಿರುಗುವಾಗ, ಹೊಗೆಯ ರಭಸ ಕಡಿಮೆ. ಆಗ ಟರ್ಬೊ ಗಾಳಿಯನ್ನು ಒತ್ತುವುದೇ ಇಲ್ಲವೆನ್ನಬಹುದು. ಎಂಜಿನ್ ತನ್ನ ಉಸಿರನ್ನು ತಾನೇ ಎಳೆದುಕೊಳ್ಳುತ್ತದೆ. ಹಾಗಿದ್ದಾಗ ಐಡ್ಲಿಂಗಿನಲ್ಲಿ ನಿಲ್ಲುವ ಎಂಜಿನ್ನಿಗೆ ಟರ್ಬೊದ ಒತ್ತಡ ಸಾಲದು ಎಂಬ ಕಾರಣ ಹೊಂದುವುದಿಲ್ಲ. ಟರ್ಬೊ ಸೋತರೆ ಸಾಮಾನ್ಯವಾಗಿ ಏರಿನಲ್ಲಿ ಎಳೆತ ತಗ್ಗುತ್ತದೆ, ಹೊಗೆ ಹೆಚ್ಚುತ್ತದೆ, ಸಿಳ್ಳಿನಂಥ ಸದ್ದು ಬರುತ್ತದೆ.

"ಯಾವಾಗ ನಿಲ್ತದೆ ಗೌಡ್ರೇ?"

ಜ್ವರ ಬೆಳಿಗ್ಗೆಯೋ ಸಂಜೆಯೋ ಎಂದು ವೈದ್ಯರು ಕೇಳುವಂತೆ, ಪಳಗಿದ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಕೇಳುವುದು ಇದನ್ನೇ. ಉತ್ತರದಲ್ಲಿ ಅರ್ಧ ಪರಿಹಾರವಿದೆ.

ಐಡ್ಲಿಂಗಿನಲ್ಲಿ ನಿಂತರೆ ಗಾಳಿಯ ದಾರಿಯನ್ನು ನೋಡಬೇಕು. ಥ್ರಾಟಲ್‌ನಲ್ಲಿ ಕಟ್ಟಿದ ಮಸಿ, ಬಿರಿದ ರಬ್ಬರ್ ಪೈಪು, ಡೀಸೆಲ್ ಕಾರಾದರೆ ಮಸಿ ಹಿಡಿದು ತೆರೆದೇ ಉಳಿದ ಇಜಿಆರ್ ವಾಲ್ವ್, ಇವು ಮೊದಲ ಶಂಕಿತರು. ಕೆಲವು ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಎಂಜಿನ್ ತಡವರಿಸಿದರೆ ಬ್ರೇಕ್ ಬೂಸ್ಟರಿನಲ್ಲಿ ಗಾಳಿ ಸೋರುತ್ತಿರಬಹುದು. ಇದನ್ನು ಒಂದು ದಿನವೂ ಮುಂದೂಡಬಾರದು.

ಏರಿನಲ್ಲಿ ಭಾರ ಎಳೆಯುವಾಗ ನಿಂತರೆ ಇಂಧನ ಸಾಕಷ್ಟು ಬರುತ್ತಿಲ್ಲವೆಂಬ ಅನುಮಾನ ಮೊದಲು. ಫಿಲ್ಟರ್ ಕಟ್ಟಿರಬಹುದು, ಪಂಪು ಸೋತಿರಬಹುದು, ಡೀಸೆಲ್ಲಿಗೆ ನೀರು ಸೇರಿರಬಹುದು. ಮಳೆಗಾಲದಲ್ಲಿ ನೆನೆದ ಏರ್ ಫಿಲ್ಟರ್ ಕೂಡ ಉಸಿರು ಕಟ್ಟಿಸಬಲ್ಲದು.

ಚೆನ್ನಾಗಿ ಕಾದ ಮೇಲೆ ಥಟ್ಟನೆ ನಿಂತು, ತಣಿದ ಮೇಲೆ ಮತ್ತೆ ಚಾಲೂ ಆದರೆ ಕ್ರ್ಯಾಂಕ್ ಸೆನ್ಸರಿನ ಮೇಲೆ ಕಣ್ಣಿಡಬೇಕು. ಹೊಂಡಕ್ಕೆ ಇಳಿದಾಗ ನಿಂತರೆ ಬ್ಯಾಟರಿಯ ಟರ್ಮಿನಲ್, ಅರ್ತ್ ವಯರು, ರಿಲೇಗಳು ಸಡಿಲವಾಗಿವೆಯೇ ನೋಡಬೇಕು. ಅಡಿಕೆ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುವ ಕಾರಿನ ವಯರನ್ನು ಇಲಿ ಕಡಿದಿದ್ದರೂ ಆಶ್ಚರ್ಯವಿಲ್ಲ.

ಈಗ ನಮ್ಮ ಶೃಂಗೇರಿ ದಾರಿಯ ಕಾರಿಗೆ ಬರೋಣ. ಅದು ನಿಂತದ್ದು ಏರು ಮುಗಿಸಿ ಕಾಲು ತೆಗೆದ ಕ್ಷಣದಲ್ಲಿ. ಆಗ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಒತ್ತಿದ ಗಾಳಿ ಪೈಪಿನಲ್ಲೇ ಉಳಿಯುತ್ತದೆ. ಅದನ್ನು ಟರ್ಬೊದ ಮುಂಭಾಗಕ್ಕೆ ಹಿಂದಿರುಗಿಸುವುದು ಡೈವರ್ಟರ್ ವಾಲ್ವಿನ ಕೆಲಸ. ಅನೇಕ ಕಾರುಗಳಲ್ಲಿ ಫಿಲ್ಟರಿನ ಬಳಿಯ ಸೆನ್ಸರ್ ಈ ಗಾಳಿಯನ್ನು ಆಗಲೇ ಅಳೆದಿರುತ್ತದೆ. ವಾಲ್ವ್ ಅಥವಾ ಪೈಪು ಹರಿದು ಅದು ಹೊರಗೆ ಸೋರಿದರೆ, ಕಂಪ್ಯೂಟರ್ ಇಲ್ಲದ ಗಾಳಿಗೆ ಪೆಟ್ರೋಲ್ ಸುರಿಯುತ್ತದೆ. ಎಂಜಿನ್ ನಡುಗಿ ನಿಲ್ಲುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಪೈಪು, ಕ್ಲಿಪ್ಪು ಮತ್ತು ಈ ವಾಲ್ವನ್ನು. ಟರ್ಬೊ ಆಮೇಲಿನ ಮಾತು.

ಒಂದು ಸಲಕ್ಕೆ ಒಂದೇ ಬದಲಾವಣೆ

ಈಚಿನ ಕಾರುಗಳ ದೋಷವನ್ನು ಸ್ಕ್ಯಾನರ್ ಸಂಕೇತಗಳಲ್ಲಿ ತೋರಿಸುತ್ತದೆ. ಸಂಕೇತ ಸಾಕ್ಷಿಯೇ ಹೊರತು ತೀರ್ಪಲ್ಲ. ಸೆನ್ಸರ್ ದೂರು ಕೊಟ್ಟಿತೆಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ, ಅದು ಏನೋ ಹೆಚ್ಚುಕಡಿಮೆ ಕಂಡಿದೆ ಎಂದಷ್ಟೇ. ಎಂಜಿನ್ ತಣ್ಣಗಿರುವಾಗ ಪೈಪುಗಳನ್ನು ಬಗ್ಗಿಸಿ ನೋಡಿದರೆ ಬಿರುಕು ಕಾಣಬಹುದು. ಸಂದಿನಲ್ಲಿ ಹೊಸ ಆಯಿಲ್ ಕಲೆಯಿದ್ದರೆ ಅದೂ ಸುಳಿವೇ. ಗ್ಯಾರೇಜಿನಲ್ಲಿ ಪೈಪಿಗೆ ಹದವಾಗಿ ಗಾಳಿ ಕೊಟ್ಟು ಸಂದಿಗೆ ಸೋಪಿನ ನೀರು ಹಚ್ಚಿದರೆ, ಸೋರುವ ಕಡೆ ಗುಳ್ಳೆ ಏಳುತ್ತದೆ. ಟ್ಯೂಬಿನ ಪಂಕ್ಚರ್ ಹುಡುಕುವ ವಿದ್ಯೆಯೇ ಇದು.

ಶಾಲೆಯಲ್ಲಿ ಲೋಲಕದ ಪ್ರಯೋಗ ಮಾಡಿದವರಿಗೆ ನೆನಪಿರಬಹುದು: ದಾರದ ಉದ್ದ ಬದಲಿಸುವಾಗ ಗುಂಡನ್ನು ಬದಲಿಸುವುದಿಲ್ಲ. ರಿಪೇರಿಯೂ ಹಾಗೆಯೇ. ಒಂದೇ ದಿನ ಫಿಲ್ಟರ್, ಸೆನ್ಸರ್, ಪಂಪು ಮೂರನ್ನೂ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ, ಬಿಲ್ಲು ಮಾತ್ರ ಮೂರರದ್ದೂ ಬರುತ್ತದೆ. ಒಂದನ್ನು ಸರಿಪಡಿಸಿ, ಅದೇ ರಸ್ತೆಯಲ್ಲಿ ಅಷ್ಟೇ ಭಾರದೊಂದಿಗೆ ಓಡಿಸಿ ನೋಡಬೇಕು. ಮನೆಯ ಮಕ್ಕಳಿಗೆ ಒಂದು ನೋಟ್ ಪುಸ್ತಕ ಕೊಡಿ. ಕಾರು ನಿಂತ ದಿನ, ಏರೋ ಇಳಿಜಾರೋ, ಮಳೆಯೋ ಬಿಸಿಲೋ, ಹೊರಟು ಎಷ್ಟು ಹೊತ್ತಾಗಿತ್ತು, ಟ್ಯಾಂಕಿನಲ್ಲಿ ಎಷ್ಟಿತ್ತು ಎಂದು ಬರೆಯಲಿ. ನಾಲ್ಕಾರು ಸಲ ಬರೆಯುವಷ್ಟರಲ್ಲಿ ಮೆಕ್ಯಾನಿಕ್‌ಗೆ ಬೇಕಾದ ಸುಳಿವು ಸಿಕ್ಕಿರುತ್ತದೆ.

ಘಾಟಿಯಲ್ಲಿ ನಿಂತರೆ

ಎಂಜಿನ್ ನಿಂತರೂ ಬ್ರೇಕಿನ ಬೂಸ್ಟರಿನಲ್ಲಿ ಒಂದೆರಡು ಸಲಕ್ಕೆ ಬೇಕಾದ ಬಲ ಉಳಿದಿರುತ್ತದೆ. ಬ್ರೇಕನ್ನು ಒತ್ತಿ ಒತ್ತಿ ಬಿಡದೆ ಒಂದೇ ಸಮನೆ ಗಟ್ಟಿಯಾಗಿ ಒತ್ತಬೇಕು. ಕಾರು ಚಲಿಸುತ್ತಿರುವಾಗ ಕೀಲಿ ಹೊರತೆಗೆಯಬಾರದು, ಸ್ಟಿಯರಿಂಗ್ ಲಾಕ್ ಆದೀತು. ಬದಿಗೆ ನಿಲ್ಲಿಸಿ ಹ್ಯಾಂಡ್ ಬ್ರೇಕು, ಎಚ್ಚರಿಕೆ ದೀಪ ಹಾಕಿ, ಗಾಲಿಗೆ ಕಲ್ಲು ಕೊಡಬೇಕು. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಇಳಿಜಾರು ಇಳಿಯುವುದಂತೂ ಪ್ರಾಣಕ್ಕೇ ಕುತ್ತು.

ಹಳ್ಳ ದಾಟುವಾಗ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಒಳಗಿನ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಹಾಗೆಯೇ ದೀರ್ಘ ಏರು ಹತ್ತಿದ ಮೇಲೆ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿದರೆ, ಕಾದ ಟರ್ಬೊಕ್ಕೆ ಆಯಿಲ್ ಹರಿದು ಅದು ತಣಿಯುತ್ತದೆ.

ಮುಂದಿನ ಸಲ ಕಾರು ನಿಂತಾಗ "ಏನು ಕೆಟ್ಟಿದೆ?" ಎನ್ನುವ ಮೊದಲು "ಯಾವಾಗ ನಿಂತಿತು?" ಎಂದು ಕೇಳಿಕೊಳ್ಳಿ. ಈ ಪ್ರಶ್ನೆಗೆ ಖರ್ಚಿಲ್ಲ. ಅದನ್ನು ಕೇಳದೆ ಹೋದ ತಪ್ಪಿಗೆ ಹೊಸ ಟರ್ಬೊದ ಬೆಲೆ ತೆರಬೇಕಾದೀತು.