ಗ್ರೀನ್ ಕಾರ್ಡ್ ಇದ್ದರೂ ಗೇಟ್ ಪಾಸ್!

ಮಗ ಅಮೆರಿಕದಲ್ಲಿದ್ದಾನೆ, ಗ್ರೀನ್ ಕಾರ್ಡೂ ಸಿಕ್ಕಿದೆ, ಇನ್ನೇನು ಯೋಚನೆ ಎನ್ನುವ ತಂದೆತಾಯಿಗಳು ಈ ಕಡೆ ಬೇಕಾದಷ್ಟಿದ್ದಾರೆ. ಆದರೆ ಗ್ರೀನ್ ಕಾರ್ಡ್ ಅಂದರೆ ವಾಸಕ್ಕೆ ಅಪ್ಪಣೆ, ಅಷ್ಟೆ. ಪೌರತ್ವವಲ್ಲ. ವಂಚನೆ ಮಾಡಿ ಸಿಕ್ಕಿಬಿದ್ದರೆ ಜೈಲಿನ ಬಾಗಿಲಾಚೆ ವಿಮಾನ ಕಾದಿರುತ್ತದೆ!

2025ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ‘ಡಿಪೋರ್ಟಿಂಗ್ ಫ್ರಾಡ್‌ಸ್ಟರ್ಸ್’ ಎಂಬ ಮಸೂದೆ ಮಂಡನೆಯಾಯಿತು. ಸರ್ಕಾರಕ್ಕೆ ಮೋಸ ಮಾಡಿದ, ಸರ್ಕಾರಿ ಸವಲತ್ತನ್ನು ಅಕ್ರಮವಾಗಿ ನುಂಗಿದ ವಿದೇಶೀಯರನ್ನು ಗಡೀಪಾರು ಮಾಡಬೇಕು ಎಂಬುದು ಅದರ ತಿರುಳು. ಶಿಕ್ಷೆಯೇ ಆಗಬೇಕೆಂದಿಲ್ಲ, ತಪ್ಪು ಮಾಡಿದೆ ಅಂತ ಒಪ್ಪಿಕೊಂಡರೂ ಸಾಕು.

ಬಡವರ ದುಡ್ಡು ತಿಂದವನನ್ನು ಯಾಕೆ ಇಟ್ಟುಕೊಳ್ಳಬೇಕು? ನ್ಯಾಯವಾದ ಪ್ರಶ್ನೆಯೇ. ಆದರೆ ಹಳೇ ಕಾನೂನಿಗೆ ಹಲ್ಲಿಲ್ಲ ಅಂದುಕೊಂಡರೆ ತಪ್ಪು. ವಂಚನೆಯ ನಷ್ಟ 2 ಲಕ್ಷ ಡಾಲರ್ ದಾಟಿದರೆ ‘ಘೋರ ಅಪರಾಧ’ ಎಂದಿದ್ದ ಗೆರೆಯನ್ನು 1996ರಲ್ಲೇ 10 ಸಾವಿರಕ್ಕೆ ಇಳಿಸಲಾಯಿತು. ಅದೂ ಹಳೆಯ ಕೇಸುಗಳಿಗೂ ಸೇರಿಸಿ! ಈ ಪಟ್ಟಿಗೆ ಬಿದ್ದವನಿಗೆ ಹೆಂಡತಿ ಮಕ್ಕಳು ಅಲ್ಲಿನ ಪ್ರಜೆಗಳೇ ಆಗಿದ್ದರೂ ಗಡೀಪಾರು ರದ್ದು ಮಾಡುವ ಅಧಿಕಾರ ವಲಸೆ ಕೋರ್ಟಿನ ನ್ಯಾಯಾಧೀಶರಿಗಿಲ್ಲ.

ಅಂಗಡಿ ಹೋಟೆಲು ನಡೆಸುವವರು ಜಪಾನಿನ ಒಂದು ದಂಪತಿಯ ಕಥೆ ಕೇಳಬೇಕು. 1984ರಿಂದ ಅಮೆರಿಕದಲ್ಲಿ ಕಾಯಂ ವಾಸ, ಹೋಟೆಲ್ ವ್ಯಾಪಾರ. ಗಂಡ 1991ರ ತೆರಿಗೆ ರಿಟರ್ನ್ಸ್‌ನಲ್ಲಿ ಸುಳ್ಳು ಬರೆದ, ಹೆಂಡತಿ ಕೈಜೋಡಿಸಿದಳು. 1997ರಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು. ಸರ್ಕಾರಕ್ಕಾದ ನಷ್ಟ 2,45,126 ಡಾಲರ್. ಗಂಡನಿಗೆ ಆದ ಜೈಲು ಬರೀ 4 ತಿಂಗಳು. ಮುಗೀತಲ್ಲ ಅಂದುಕೊಂಡರೆ ಬಂತು ಗಡೀಪಾರಿನ ನೋಟೀಸು. ಸುಳ್ಳು ರಿಟರ್ನ್ಸ್ ಕೊಡುವುದು ವಂಚನೆಯಲ್ಲ, ಅದೇ ಬೇರೆ ತಪ್ಪು ಅಂತ ಸುಪ್ರೀಂ ಕೋರ್ಟ್‌ವರೆಗೂ ವಾದಿಸಿದರು. 2012ರಲ್ಲಿ 6-3ರ ತೀರ್ಪು: ಅದೂ ವಂಚನೆಯೇ, ಹೊರಡಿ. ಅಷ್ಟೊತ್ತಿಗೆ ಅವರು ಆ ದೇಶದಲ್ಲಿ 28 ವರ್ಷ ಕಳೆದಿದ್ದರು.

ಹೊಸ ಮಸೂದೆಯಲ್ಲಿ ಆ 10 ಸಾವಿರದ ಗೆರೆಯೂ ಇಲ್ಲ. ಸವಲತ್ತು ಸಣ್ಣದೋ ದೊಡ್ಡದೋ, ತಕ್ಕಡಿ ಒಂದೇ. ಇದೇ ತಪ್ಪು ಮಾಡಿದ ಅಲ್ಲಿನ ಪ್ರಜೆ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ.

ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಗಡೀಪಾರಾಗುತ್ತೀಯ ಅಂತ ಕಕ್ಷಿಗಾರನಿಗೆ ಮೊದಲೇ ತಿಳಿಸುವುದು ವಕೀಲನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. ಅದು ಮಾದಕ ವಸ್ತು ಸಾಗಿಸಿದ ಕೇಸು. ಆರೋಪಿ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದವನು, 40 ವರ್ಷದಿಂದ ಅಲ್ಲೇ ಇದ್ದವನು. ಇಷ್ಟು ಕಾಲ ಇದ್ದೀಯಲ್ಲ, ನಿನಗೇನೂ ಆಗಲ್ಲ ಅಂತ ವಕೀಲ ಧೈರ್ಯ ಹೇಳಿದ್ದನಂತೆ.